ಗೆರೆ ಮುಟ್ಟುವ ಆಟ

ಓದುಗರ ಪತ್ರ: ನಾನು ವೇಮಗಲ್ ಹತ್ತಿರದ ಹಳ್ಳಿಯವಳು. ವಯಸ್ಸು 43. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಎರಡನೇ ಶಿಫ್ಟ್ ಇರುವ ವಾರ ಬಸ್ಸು ರಾತ್ರಿ ಹನ್ನೊಂದರ ಹೊತ್ತಿಗೆ ಕ್ರಾಸ್‌ನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ಒಂದು ಕಿಲೋಮೀಟರ್ ನಡಿಗೆ. ಮಗಳು ಕೋಲಾರದಲ್ಲಿ ಪಿಯುಸಿ ಓದುತ್ತಾಳೆ. ಹೋದ ತಿಂಗಳು ಅವಳ ಕಾಲೇಜಿನಲ್ಲಿ ಎರಡು ಗಂಟೆ ಆತ್ಮರಕ್ಷಣೆ ತರಬೇತಿ ಕೊಟ್ಟರು. ಖುಷಿಯಿಂದ ಮನೆಗೆ ಬಂದವಳು ತಮ್ಮನಿಗೆ "ನನ್ನ ಕೈ ಹಿಡ್ಕೋ, ಹೇಗೆ ಬಿಡಿಸ್ಕೋತೀನಿ ನೋಡು" ಅಂದಳು. ಎಂಟನೇ ಕ್ಲಾಸಿನ ಹುಡುಗ ಹಿಡಿದ ಹಿಡಿ ಬಿಡಲಿಲ್ಲ. ಅವಳು ಅತ್ತುಬಿಟ್ಟಳು. ಇದೆಲ್ಲ ಸುಮ್ನೆ ನಾಟಕವಾ? ಈ ವಯಸ್ಸಿನಲ್ಲಿ, ಮಂಡಿ ನೋವು ಇಟ್ಟುಕೊಂಡು ನಾನು ಕರಾಟೆಗೆ ಸೇರಬೇಕಾ? ನಮ್ಮ ಯಜಮಾನರು ಬ್ಯಾಗಿನಲ್ಲಿ ಖಾರದ ಪುಡಿ ಇಟ್ಟುಕೋ ಅಂತಾರೆ. ಅಕಸ್ಮಾತ್ ನಾನೇ ಹೊಡೆದು ಅವನಿಗೆ ಏನಾದರೂ ಆದರೆ ಕೇಸು ನನ್ನ ಮೇಲೇ ಬರುತ್ತಾ?
— ಹೆಸರು ಹಾಕಬೇಡಿ ಎಂದಿರುವ ಓದುಗರು

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ನಿಮ್ಮ ಮಗನ ವಿಷಯ ಮುಗಿಸಿಬಿಡೋಣ. ಅವನು ಗೆದ್ದಿದ್ದರಲ್ಲಿ ಆಶ್ಚರ್ಯ ಇಲ್ಲ. ಅಕ್ಕ ಏನು ಮಾಡುತ್ತಾಳೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಕಾಲೂರಿ ನಿಂತಿದ್ದ, ಬಲವನ್ನೆಲ್ಲ ಆ ಒಂದು ಹಿಡಿಗೇ ಹಾಕಿದ್ದ. ಅವಳು ಕೈಯನ್ನು ಬಹುಶಃ ನೇರವಾಗಿ ಹಿಂದಕ್ಕೆ ಎಳೆದಿರುತ್ತಾಳೆ. ನಾವೆಲ್ಲ ಮಾಡುವುದೇ ಅದು. ಹಾಗೆ ಎಳೆದರೆ ನಾಲ್ಕು ಬೆರಳಿನ ಬಲದ ಜೊತೆ ಗುದ್ದಾಡಿದ ಹಾಗೆ. ಹಿಡಿಯಲ್ಲಿ ಸಡಿಲ ಜಾಗ ಒಂದೇ, ಹೆಬ್ಬೆರಳು ಮತ್ತು ಬೆರಳ ತುದಿಗಳು ಸೇರುವ ಸಂದು. ಮಣಿಕಟ್ಟಿನ ತೆಳ್ಳಗಿನ ಅಂಚನ್ನು ಆ ಸಂದಿಗೆ ತಿರುಗಿಸಬೇಕು. ಹಿಂದೆ ಸರಿಯುವ ಬದಲು ಒಂದು ಹೆಜ್ಜೆ ಅವನ ಕಡೆಗೇ ಇಡಬೇಕು. ಮೊಣಕೈ ಮಡಚಿ, ಅದನ್ನು ಅವನ ಮುಂಗೈ ಮೇಲೆ ತಳ್ಳುತ್ತಾ ಕೈ ಕಿತ್ತುಕೊಳ್ಳಬೇಕು. ಕಲ್ಲು ಎಬ್ಬಿಸಲು ಹಾರೆ ಹಾಕಿ ಮೀಟುತ್ತೀರಲ್ಲ, ಅದೇ ಲೆಕ್ಕ.

ಹೀಗೆ ಮಾಡಿದರೂ ಗಟ್ಟಿಯಾಗಿ ಹಿಡಿದವರು ಒಂದೊಂದು ಸಲ ಬಿಡುವುದಿಲ್ಲ. ತರಬೇತಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದರೆ ನಿಮ್ಮ ಮಗಳು ಅಳುತ್ತಿರಲಿಲ್ಲ. ವೇದಿಕೆ ಮೇಲೆ ತರಬೇತುದಾರರ ಕೈ ಹಿಡಿಯುವ ಶಿಷ್ಯ ಬಿಡುವುದಕ್ಕೇ ಹಿಡಿದಿರುತ್ತಾನೆ. ಹುಡುಗಿಯರು ಚಪ್ಪಾಳೆ ತಟ್ಟುತ್ತಾರೆ, ಫೋಟೋ ಆಗುತ್ತದೆ, ಮುಗಿಯಿತು. ಎರಡು ಗಂಟೆಯಲ್ಲಿ ಹನ್ನೆರಡು ಪಟ್ಟು ತೋರಿಸುವುದಕ್ಕಿಂತ ಒಂದೇ ಪಟ್ಟನ್ನು, ಎದುರಿನವರು ನಿಜವಾಗಿ ಬಲ ಹಾಕುವ ಹಾಗೆ ನೂರು ಸಲ ಮಾಡಿಸುವುದು ವಾಸಿ. ಹೊಸ ವಿಷಯವೇನಲ್ಲ ಇದು. 1882ರಲ್ಲಿ ಜಪಾನಿನಲ್ಲಿ ಜೂಡೊ ಶುರು ಮಾಡಿದ ಜಿಗೊರೊ ಕಾನೊ ಮಾಡಿದ್ದೂ ಇದನ್ನೇ. ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉಳಿದವನ್ನು ಇಬ್ಬರೂ ಬಲ ಹಾಕಿ ಆಡುವ ಅಭ್ಯಾಸಕ್ಕೆ ತಂದರು.

ಈಗ ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನದ ತರಬೇತಿ ಇತ್ತು. ವರದಿ ಮಾಡಲು ಹೋದವಳನ್ನು ಸಾಲಿನಲ್ಲಿ ನಿಲ್ಲಿಸಿಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿದ್ದೆವು. ಹೊಡೆಯುವುದು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ತರಬೇತಿ ಕೊಡಲು ಬಂದಿದ್ದ ಆಯಮ್ಮ ಮೊದಲ ಒಂದು ಗಂಟೆ ಕೈಯೇ ಎತ್ತಿಸಲಿಲ್ಲ. "ನಾನು ನಿಮ್ಮ ಹತ್ತಿರ ಬರ್ತೀನಿ. ಬೇಡ, ದೂರ ನಿಲ್ಲು ಅಂತ ಕೂಗಿ" ಅಂದರು. ಅಷ್ಟೇ.

ನಮ್ಮಿಂದ ಆಗಲಿಲ್ಲ ರೀ. ಟೀಚರುಗಳಿದ್ದರು, ಬ್ಯಾಂಕಿನವರಿದ್ದರು. ಒಬ್ಬರು ನಕ್ಕರು. ಒಬ್ಬರಿಗೆ ಕೆಮ್ಮು ಬಂತು. ನನ್ನ ಸರದಿ ಬಂದಾಗ ನನ್ನ ಬಾಯಿಂದ ಬಂದಿದ್ದು "ಬೇಡ ರೀ" ಅಂತ. ಮೈ ಮೇಲೆ ಬರುವವನಿಗೂ ರೀ! ಇಡೀ ಮಂಟಪ ನಕ್ಕಿತು. ಸರಿಯಾಗಿ ಕೂಗಿದ್ದು ಒಬ್ಬರೇ, ಬಸ್ ಸ್ಟ್ಯಾಂಡ್ ಹತ್ತಿರ ಸೊಪ್ಪು ಮಾರುವ ಅಮ್ಮ. ಅವರ ಒಂದು ಕೂಗಿಗೆ ಅಡುಗೆಮನೆಯಿಂದ ಭಟ್ಟರು ಓಡಿ ಬಂದರು. ದಿನಾ ಬೆಳಿಗ್ಗೆ ಅವರ ಗಂಟಲು ಅಭ್ಯಾಸ ಮಾಡುತ್ತಿತ್ತು. ನಮ್ಮದು ಮಾಡುತ್ತಿರಲಿಲ್ಲ.

ದಾಕ್ಷಿಣ್ಯ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಕಾಯಿಲೆ ಇರುವುದು ಅಲ್ಲಿ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ಹಿರಿಯರು ಒರಟಾಗಿಯೇ ಹೇಳಿದ್ದಾರೆ. ಪಕ್ಕದಲ್ಲಿ ಬೈಕು ನಿಧಾನ ಮಾಡಿ "ಅಕ್ಕಾ, ಬಿಡ್ಲಾ?" ಅಂತ ಕೇಳುವವನಿಗೆ ಬೇಡ ಅಂದರೆ ಏನು ತಿಳಿದುಕೊಳ್ಳುತ್ತಾನೋ ಅನ್ನುವ ಅಳುಕು. ಬಸ್ಸಿನಲ್ಲಿ ಒರಗುವವನನ್ನು ಗದರಿಸಿದರೆ ನಾಲ್ಕು ಜನ ತಿರುಗಿ ನೋಡುತ್ತಾರಲ್ಲ ಅನ್ನುವ ನಾಚಿಕೆ. ಗೊತ್ತಿರುವ ಮನುಷ್ಯನಾದರೆ ಮುಗಿದೇ ಹೋಯಿತು. ದೇಶದ ಅಪರಾಧ ದಾಖಲೆಗಳಲ್ಲಿ ಪ್ರತಿ ವರ್ಷ ಬರುವ ಲೆಕ್ಕ ನೋಡಿ. ಅತ್ಯಾಚಾರದ ಕೇಸುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಕಡೆ ಆರೋಪಿ ಪರಿಚಯದವನೇ. ನೆಂಟ, ನೆರೆಯವನು, ಜೊತೆಯಲ್ಲಿ ಕೆಲಸ ಮಾಡುವವನು. ಹುಣಸೆ ಮರದ ಹಿಂದಿನಿಂದ ಹಾರಿ ಬರುವ ಅಪರಿಚಿತನಿಗೆ ಅಂತಲೇ ಕಲಿತ ಪಟ್ಟು ಅಲ್ಲಿ ನೆನಪಿಗೇ ಬರುವುದಿಲ್ಲ.

ಹಾಗಾದರೆ ತರಬೇತಿ ದಂಡವಾ? ಅಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಷಾರ್ಲೀನ್ ಸೆನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾಯಿತು. ಮೊದಲ ವರ್ಷದ 893 ವಿದ್ಯಾರ್ಥಿನಿಯರು. ಅರ್ಧದಷ್ಟು ಜನಕ್ಕೆ 12 ಗಂಟೆಯ ತರಬೇತಿ, ಉಳಿದವರಿಗೆ ಕರಪತ್ರ ಮಾತ್ರ. ಒಂದು ವರ್ಷದ ನಂತರ ನೋಡಿದರೆ ಕರಪತ್ರ ಪಡೆದವರಲ್ಲಿ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ 9.8. ತರಬೇತಿ ಪಡೆದವರಲ್ಲಿ 5.2. ಹತ್ತಿರ ಹತ್ತಿರ ಅರ್ಧ. ಆ 12 ಗಂಟೆಯಲ್ಲಿ ಹೊಡೆತ, ಒದೆತಕ್ಕೆ ಸಿಕ್ಕಿದ್ದು ಒಂದು ಪಾಲು ಮಾತ್ರ. ಜಾಸ್ತಿ ಹೊತ್ತು ಹೋಗಿದ್ದು ಪರಿಚಯದವನ ನಡವಳಿಕೆಯಲ್ಲಿ ಅಪಾಯ ಎಲ್ಲಿಂದ ಶುರುವಾಗುತ್ತದೆ ಅಂತ ಗುರುತಿಸುವುದಕ್ಕೆ, ಅವನಿಗೆ ಬೇಜಾರಾಗುತ್ತೆ ಅನ್ನುವ ಅಳುಕು ದಾಟುವುದಕ್ಕೆ. ಕೆನಡಾದ ಹುಡುಗಿಯರಿಗೂ ದಾಕ್ಷಿಣ್ಯ ಇದೆ ಅಂತ ಓದಿ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ಕರಾಟೆಗೆ ಸೇರಬೇಕಾ ಅಂದಿರಿ. ಇಷ್ಟ ಇದ್ದರೆ ಸೇರಿ, ಮೈಗೆ ಒಳ್ಳೆಯದು. ಆದರೆ ಮೂರು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಅನ್ನುವವರ ಕಡೆ ಹೋಗಬೇಡಿ. ಸೇರುವ ಮೊದಲು ಒಂದು ಕ್ಲಾಸು ಕೂತು ನೋಡಿ. ಬರೀ ಗಾಳಿಗೆ ಗುದ್ದುತ್ತಿದ್ದಾರಾ, ಇಲ್ಲ ಒಬ್ಬರನ್ನೊಬ್ಬರು ಹಿಡಿದು ಬಿಡಿಸಿಕೊಳ್ಳುವುದೂ ಇದೆಯಾ? ಎರಡನೆಯದು ಇಲ್ಲದಿದ್ದರೆ ಅದು ವ್ಯಾಯಾಮ. ತಪ್ಪೇನಿಲ್ಲ, ವ್ಯಾಯಾಮ ಅಂದುಕೊಂಡೇ ಫೀಸು ಕಟ್ಟಿ.

ನಿಮ್ಮ ಮಗಳಿಗೆ ಮಾತ್ರ ನನ್ನ ಸಲಹೆ ಬೇರೆ. ಕಾಲೇಜಿನ ಕಬಡ್ಡಿ ಟೀಮಿಗೆ ಸೇರಿಸಿ. ತಮಾಷೆ ಅಲ್ಲ. ರೈಡಿಗೆ ಹೋದವಳು ಏನು ಮಾಡುತ್ತಾಳೆ ನೋಡಿ. ಎದುರಿಗೆ ಏಳು ಜನ, ತಾನು ಒಬ್ಬಳು. ಬಾಯಿ ಮುಚ್ಚುವ ಹಾಗಿಲ್ಲ, ಕಬಡ್ಡಿ ಕಬಡ್ಡಿ ಅಂತ ಕೂಗುತ್ತಲೇ ಇರಬೇಕು. ಯಾರು ಎಷ್ಟು ದೂರದಲ್ಲಿದ್ದಾರೆ, ಹಿಂದೆ ಯಾರು ಸುತ್ತುವರಿಯುತ್ತಿದ್ದಾರೆ ಅಂತ ಕಣ್ಣು ಓಡುತ್ತಿರಬೇಕು. ಕಾಲು ಹಿಡಿದರು, ಸೊಂಟ ಹಿಡಿದರು ಅಂದುಕೊಳ್ಳಿ. ಅವಳು ಯಾರನ್ನೂ ಸೋಲಿಸಲು ನಿಲ್ಲುವುದಿಲ್ಲ. ತಿರುಚಿಕೊಂಡು, ತೆವಳಿಕೊಂಡು, ಒಂದು ಬೆರಳಾದರೂ ಗೆರೆಗೆ ತಾಗಿಸುತ್ತಾಳೆ. ಅದೂ 30 ಸೆಕೆಂಡಿನ ಒಳಗೆ. ದೂರ, ದನಿ, ಉಸಿರು, ಬಿಡಿಸಿಕೊಳ್ಳುವುದು, ಓಡುವುದು. ಆತ್ಮರಕ್ಷಣೆಯ ಪಾಠದಲ್ಲಿ ಇದಕ್ಕಿಂತ ಹೆಚ್ಚಿಗೆ ಏನಿದೆ ಹೇಳಿ. ಇನ್ನೊಂದು ಲಾಭ ಇದೆ. ಯಾರಾದರೂ ಗಪ್ ಅಂತ ಹಿಡಿದ ತಕ್ಷಣ ಮೈ ಮರಗಟ್ಟುತ್ತದಲ್ಲ, ಬಾಯಿ ಒಣಗಿ, ಕೈ ನಡುಗಿ, ಏನೂ ತೋಚದೆ ನಿಂತುಬಿಡುತ್ತೇವಲ್ಲ, ಆ ಗಳಿಗೆ ಕಬಡ್ಡಿ ಆಡಿದವಳಿಗೆ ಹೊಸದಲ್ಲ. ದಿನಕ್ಕೆ ಇಪ್ಪತ್ತು ಸಲ ಅವಳನ್ನು ಯಾರೋ ಹಿಡಿದಿರುತ್ತಾರೆ.

ನಿಮಗೆ ಮಂಡಿ ನೋವು. ಕಬಡ್ಡಿ ಬೇಡ. ಎತ್ತರಕ್ಕೆ ಒದೆಯುವ ಯಾವುದೂ ಬೇಡ. ಕಲ್ಯಾಣ ಮಂಟಪದ ಆ ತರಬೇತಿಯಿಂದ ನನಗೆ ಉಳಿದಿದ್ದು ಮೂರು ನಾಲ್ಕೇ, ಅವೇ ನಿಮಗೂ ಸಾಕು. ಹತ್ತಿರ ಬರುತ್ತಿದ್ದಾನೆ ಅನ್ನಿಸಿದಾಗ ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ಒಂದು ಕಾಲು ಹಿಂದಿಟ್ಟು ನಿಂತು ಕೂಗಿ. ನೋಡುವವರಿಗೆ ಅದು ಬೇಡ ಅನ್ನುವ ಸನ್ನೆ. ನಿಮಗೆ ಅದು ಸಿದ್ಧವಾಗಿ ನಿಂತ ಕೈ. ಹೊಡೆಯಲೇಬೇಕಾದರೆ ಮುಷ್ಟಿ ಬೇಡ. ಅಭ್ಯಾಸ ಇಲ್ಲದವರು ತಲೆಗೆ ಗುದ್ದಿದರೆ ತಮ್ಮ ಬೆರಳ ಹಿಂದಿನ ಮೂಳೆಯನ್ನೇ ಮುರಿದುಕೊಳ್ಳುತ್ತಾರೆ. ಅಂಗೈಯ ಬುಡದಿಂದ ಮೂಗಿಗೋ ಗದ್ದಕ್ಕೋ ಕೆಳಗಿನಿಂದ ಮೇಲೆ ತಳ್ಳಿ. ತೀರಾ ಹತ್ತಿರ ಬಂದರೆ ಮೊಣಕೈ. ಹಿಂದಿನಿಂದ ತಬ್ಬಿದರೆ ಹಿಮ್ಮಡಿಯಿಂದ ಅವನ ಪಾದದ ಮೇಲೆ ಜಜ್ಜಿ, ಮೊಣಕೈಯಿಂದ ಹಿಂದಕ್ಕೆ ತಿವಿಯಿರಿ. ಸಡಿಲವಾದ ತಕ್ಷಣ ಓಟ. ಮಂಡಿ ನೋವಿನ ಓಟವೇ ಆಗಲಿ, ಬೆಳಕಿರುವ ಕಡೆ, ಜನ ಇರುವ ಕಡೆ. ಇನ್ನೆರಡು ಏಟು ಹಾಕೋಣ ಅಂತ ನಿಲ್ಲಬೇಡಿ.

ಸರಕ್ಕೆ ಕೈ ಹಾಕಿದರೆ ಬಿಟ್ಟುಬಿಡಿ. ಹೇಳುವುದು ಸುಲಭ, ನಮ್ಮ ಮಾಂಗಲ್ಯ ಸರಕ್ಕೆ ಎಷ್ಟು ಬೆಲೆ ಅಂತ ನನಗೂ ಗೊತ್ತು. ಆದರೆ ಓಡುವ ಬೈಕಿನಿಂದ ಎಳೆದಾಗ ಗಟ್ಟಿಯಾಗಿ ಹಿಡಿದುಕೊಂಡವರು ಸರದ ಜೊತೆ ರಸ್ತೆಗೆ ಬೀಳುತ್ತಾರೆ. ರಾತ್ರಿ ಶಿಫ್ಟಿನ ವಾರ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಅತ್ತೆಯವರು ಒಪ್ಪದಿದ್ದರೆ ಈ ಪುಟ ತೋರಿಸಿ, ಬೈಗುಳ ನನಗೆ ಬರಲಿ.

ಖಾರದ ಪುಡಿ ಬಗ್ಗೆ ನಿಮ್ಮ ಯಜಮಾನರಿಗೆ ಒಂದು ಮಾತು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಅದು ಬೀಳುವುದು ನಿಮ್ಮ ಕಣ್ಣಿಗೇ. ನಮ್ಮ ಬಯಲು ಸೀಮೆಯ ಗಾಳಿ ಹೇಳಬೇಕಾ? ಜೊತೆಗೆ ಟಿಫಿನ್ ಬಾಕ್ಸು, ನೀರಿನ ಬಾಟಲಿ, ಛತ್ರಿಯ ಕೆಳಗೆ ಮುಚ್ಚಳ ಬಿಗಿದಿರುವ ಡಬ್ಬಿ ಹುಡುಕುವಷ್ಟು ಹೊತ್ತು ಅವನು ಕಾಯುವುದಿಲ್ಲ. ಪೆಪ್ಪರ್ ಸ್ಪ್ರೇ ಇದಕ್ಕಿಂತ ವಾಸಿ, ದೂರಕ್ಕೆ ಹೋಗುತ್ತದೆ. ಅದೂ ನಡೆಯುವಾಗ ಕೈಯಲ್ಲೇ ಇದ್ದರೆ. ಒಂದು ಸಲವಾದರೂ ಹೊಲದಲ್ಲಿ ಒತ್ತಿ ನೋಡಿರಬೇಕು, ಗಾಳಿ ನೋಡಿಕೊಂಡು. ಡಬ್ಬಿ ಮೇಲಿನ ದಿನಾಂಕವನ್ನೂ ನೋಡಿ. ಚಾಕು ಬೇಡವೇ ಬೇಡ. ಅವನ ಕೈಗೆ ಹೋದರೆ ನಿಮ್ಮ ಮೇಲೆ ತಿರುಗುತ್ತದೆ. ಒಳ್ಳೆಯ ಟಾರ್ಚ್ ಮತ್ತು ಒಂದು ಸೀಟಿ ಇರಲಿ. ನಾಯಿಗಳಿಗೂ ಉಪಯೋಗಕ್ಕೆ ಬರುತ್ತೆ. ನಿಜ ಹೇಳಬೇಕೆಂದರೆ ರಾತ್ರಿ ಹನ್ನೊಂದಕ್ಕೆ ನಮ್ಮ ಊರುಗಳಲ್ಲಿ ನಾಯಿಗಳದೇ ದೊಡ್ಡ ಕಾಟ.

ಫೋನಿನಲ್ಲಿ 112 ಇದೆ. ಪೊಲೀಸ್, ಆಂಬ್ಯುಲೆನ್ಸ್, ಬೆಂಕಿ ಎಲ್ಲದಕ್ಕೂ ಒಂದೇ ನಂಬರು. ಈಗಿನ ಬಹುತೇಕ ಫೋನುಗಳಲ್ಲಿ ಪವರ್ ಬಟನ್ ಬೇಗ ಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇದೆ. ಎಷ್ಟು ಸಲ ಒತ್ತಬೇಕು ಅನ್ನುವುದು ಫೋನಿಂದ ಫೋನಿಗೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಚಾಲು ಮಾಡಿಕೊಡಲು ಮಗಳಿಗೆ ಹೇಳಿ.

ಇನ್ನು ಕೇಸಿನ ಭಯ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 34ರಿಂದ 44ನೇ ಸೆಕ್ಷನ್‌ವರೆಗೆ ಇರುವುದು ಇದೇ ವಿಷಯ. ನಿಮ್ಮ ಮೈ, ಇನ್ನೊಬ್ಬರ ಮೈ, ಆಸ್ತಿ ಕಾಪಾಡಿಕೊಳ್ಳಲು ಮಾಡಿದ್ದು ಅಪರಾಧವಲ್ಲ. ಏಟು ಬೀಳುವ ತನಕ ಕಾಯಬೇಕು ಅಂತಲೂ ಇಲ್ಲ. ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣ ಇದ್ದರೆ ಅಲ್ಲಿಂದಲೇ ಹಕ್ಕು ಶುರು. ಜೀವಕ್ಕೆ ಅಪಾಯ, ಅತ್ಯಾಚಾರದ ಉದ್ದೇಶದ ಹಲ್ಲೆ, ಅಪಹರಣದ ಉದ್ದೇಶದ ಹಲ್ಲೆ, ಆಸಿಡ್ ದಾಳಿ, ಇಂಥ ಕಡೆ ಎದುರಿನವನ ಪ್ರಾಣ ಹೋದರೂ ಕಾನೂನು ರಕ್ಷಣೆ ಕೊಡುತ್ತದೆ. ಎರಡು ಕಟ್ಟುಪಾಡು ಇವೆ. ಬೇಕಾದ್ದಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ. ಅಪಾಯ ಮುಗಿದ ಮೇಲೆ ಹಕ್ಕೂ ಮುಗಿಯಿತು. ಅವನು ಬಿದ್ದಿದ್ದಾನೆ, ನೀವು ಕಲ್ಲು ಹುಡುಕಿ ತಂದು ಹಾಕಿದಿರಿ ಅಂದರೆ ಅದು ಬೇರೆ ಲೆಕ್ಕ. ಇಲ್ಲೂ ಅದೇ ಕಬಡ್ಡಿ ಬಂತು ನೋಡಿ, ಗೆರೆ ಮುಟ್ಟಿದ ಮೇಲೆ ರೈಡು ಮುಗಿಯಿತು.

ಆದರೂ ಅವನೇ ಮೊದಲು ಹೋಗಿ ಉಲ್ಟಾ ದೂರು ಕೊಡಬಹುದು. ಅದಕ್ಕೇ 112ಕ್ಕೆ ಮೊದಲು ಕರೆ ಮಾಡುವವರು ನೀವಾಗಿ. ಗಾಯವಾಗಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ ಬರೆಸಿಕೊಳ್ಳಿ. ಇದು ನಮ್ಮ ಠಾಣೆಗೆ ಬರುವುದಿಲ್ಲ ಅಂತ ಯಾರಾದರೂ ಅಂದರೆ, ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು ಅಂತ ನ್ಯಾಯ ಸಂಹಿತೆಯ ಜೊತೆಗೇ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದೆ ಎಂದು ಹೇಳಿ.

ಕೊನೆಗೆ ನೀವು ಕೇಳದ ವಿಷಯ. ಆ ಒಂದು ಕಿಲೋಮೀಟರ್ ನೀವು ಯಾಕೆ ನಡೆಯಬೇಕು? ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಕರ್ನಾಟಕ ಸರ್ಕಾರ 2019ರಲ್ಲಿ ಅವಕಾಶ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ಮನೆಯಿಂದ ಕರೆತಂದು ಮನೆಗೆ ಬಿಡುವ ವಾಹನವೂ ಒಂದು. ಕ್ರಾಸ್‌ಗೆ ಅಂತ ಅಲ್ಲ. ನಿಮ್ಮ ಬಸ್ಸಿನಲ್ಲಿ ಆ ಕಡೆಯ ಊರುಗಳ ಹೆಂಗಸರು ಎಷ್ಟು ಜನ ಇಳಿಯುತ್ತೀರಿ ಲೆಕ್ಕ ಹಾಕಿ. ಎಲ್ಲರೂ ಸಹಿ ಹಾಕಿ ಒಂದು ಅರ್ಜಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಒಬ್ಬರೇ ಹೋಗಿ ಕೇಳಿದರೆ "ನೋಡೋಣ ಅಮ್ಮಾ" ಅಂತಾರೆ. ಅಲ್ಲೂ ದಾಕ್ಷಿಣ್ಯ ಬೇಡ. ಬಸ್ಸು ಊರೊಳಗೆ ಬರುವ ವ್ಯವಸ್ಥೆ ಆಗುವ ತನಕ ಕ್ರಾಸ್‌ನಲ್ಲಿ ಇಳಿದವರೆಲ್ಲ ಒಬ್ಬರಿಗೊಬ್ಬರು ಕಾದು, ಒಟ್ಟಿಗೆ ನಡೆಯಿರಿ. ಅಥವಾ ಯಜಮಾನರು ಖಾರದ ಪುಡಿ ಡಬ್ಬಿ ಕೊಡುವ ಬದಲು ಗಾಡಿ ತೆಗೆದುಕೊಂಡು ಬರಲಿ.

ಹಾಂ, ನಿಮ್ಮ ಮಗ. ಅವನು ಇನ್ನೊಂದು ಸಲ ಅಕ್ಕನ ಕೈ ಹಿಡಿಯಲಿ. ಈ ಸಲ ಹೇಳದೆ ಕೇಳದೆ, ಅವಳು ಅಂಗಳದಲ್ಲಿ ನಡೆದು ಹೋಗುತ್ತಿರುವಾಗ. ಅವಳು ಹೆಬ್ಬೆರಳ ಕಡೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಲಿ. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ. ಏನಾಯಿತು ಅಂತ ಬರೆಯಿರಿ.