ಇಲಿಯ ಏಣಿಯನ್ನು ಕೊನೆಗೆ ತಳ್ಳಬೇಡಿ

ನಮಸ್ಕಾರ,

ಸ್ಪೇನಿನ ಹೆರೆಸ್ ಊರಿನ ಶೆರ್ರಿ ವೈನಿನ ಬಗ್ಗೆ ನೀವು ಕಳಿಸಿದ 'ಶೆರ್ರಿಯ ತವರಿನಲ್ಲಿ ಒಂದು ದಿನ' ಲೇಖನ ಓದಿದೆ. ಎರಡು ಸಲ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ 'ವಿಷಾದದಿಂದ ಹಿಂತಿರುಗಿಸುತ್ತಿದ್ದೇವೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಕೊನೆಯ ಪುಟದಲ್ಲಿ ಬರುವ ಆ ಇಲಿ.

ಇಲಿಯ ವಿಷಯ ಆಮೇಲೆ. ಮೊದಲು ನಿಮ್ಮ ಮೊದಲ ಪ್ಯಾರಾ. 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಅರಿವಿನೊಂದಿಗೇ ಈ ಲೇಖನವನ್ನು ಬರೆಯುತ್ತಿದ್ದೇನೆ' ಅಂತ ಶುರು ಮಾಡಿದ್ದೀರಿ. ಸಿನಿಮಾ ಮಂದಿರದಲ್ಲಿ ಕೂತ ಹಾಗಾಯಿತು. ನಮ್ಮ ಓದುಗರಲ್ಲಿ ಕುಡಿಯುವವರಿದ್ದಾರೆ, ವಾಸನೆಗೇ ಮೂಗು ಮುಚ್ಚುವವರೂ ಇದ್ದಾರೆ. ಒಂದು ಕೆಲಸವನ್ನು ಕೈ ಪಳಗಿದವರು ಹೇಗೆ ಮಾಡುತ್ತಾರೆ ಅಂತ ನೋಡೋದು ಇಬ್ಬರಿಗೂ ಇಷ್ಟ. ನಾನು ಶೆರ್ರಿ ಕುಡಿದಿರುವುದು ಜೀವನದಲ್ಲಿ ಒಂದೇ ಸಲ, ಕ್ರಿಸ್‌ಮಸ್ ಕೇಕಿನ ಜೊತೆ ಯಾರೋ ಕೊಟ್ಟ ಅರ್ಧ ಲೋಟ. ನಿಮ್ಮ ಲೇಖನಕ್ಕೆ ತಕ್ಕ ಓದುಗ ನಾನೇ, ಅಲ್ವಾ? ಆ ಪ್ಯಾರಾ ತೆಗೆದುಬಿಡಿ.

ಅದರ ನಂತರ ಎರಡೂವರೆ ಪುಟ ಇತಿಹಾಸ. ಫಿನೀಷಿಯನ್ನರಿಂದ ಶುರುವಾಗಿ ರೋಮನ್ನರು, ಅರಬ್ಬರು, 1587ರಲ್ಲಿ ಕಾದಿಸ್ ಬಂದರಿನ ಮೇಲೆ ದಾಳಿ ಮಾಡಿದ ಇಂಗ್ಲಿಷ್ ನಾವಿಕ ಡ್ರೇಕ್, 1894ರಲ್ಲಿ ಬಳ್ಳಿಗಳಿಗೆ ಬಂದ ಫಿಲಾಕ್ಸೆರಾ ಕೀಟ, ಎಲ್ಲರೂ ಸಾಲಾಗಿ ಬಂದು ಮುಖ ತೋರಿಸಿ ಹೋಗುತ್ತಾರೆ. ಶಾಲಾ ವಾರ್ಷಿಕೋತ್ಸವದ ವೇಷಧಾರಿಗಳ ಹಾಗೆ. ನೀವು ನೋಡಿದ್ದು ಗೊನ್ಸಾಲೆಸ್ ಬಯಾಸ್ ಅನ್ನುವ ಒಂದು ಮನೆತನದ ಕಂಪನಿ. ಅದರ ಕಥೆ ಸಾಕು. ಆ ಕಥೆಯಲ್ಲಿರುವ ಒಳ್ಳೆಯ ತಿರುಳನ್ನು ನೀವು ಹಾಗೇ ದಾಟಿ ಹೋಗಿದ್ದೀರಿ.

'1835ರಲ್ಲಿ ಮಾನುಯೆಲ್ ಮರಿಯಾ ಗೊನ್ಸಾಲೆಸ್ ಆಂಖೆಲ್ ಸ್ಥಾಪಿಸಿದ ಈ ಸಂಸ್ಥೆಗೆ ಅಂಕಲ್ ಪೆಪೆ ಮಾರ್ಗದರ್ಶನ ನೀಡಿದರು' ಅಂತ ಬರೆದಿದ್ದೀರಿ. ಮಾನುಯೆಲ್‌ಗೆ ಆಗ ಇಪ್ಪತ್ತಮೂರು ವರ್ಷ. ಹುಡುಗನಿಗೆ ವೈನ್ ಕೆಲಸ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೊಸೆ ಆಂಖೆಲ್ ದೆ ಲಾ ಪೆನ್ಯಾ ಅವರಿಗೆ. ಸ್ಪೇನಿನಲ್ಲಿ ಹೊಸೆ ಅನ್ನುವವರನ್ನು ಮನೆಯಲ್ಲಿ ಪೆಪೆ ಅಂತ ಕರೆಯುತ್ತಾರೆ. ಇನ್ನು 'ತಿಯೋ' ಅಂದರೆ ಅವರ ಭಾಷೆಯಲ್ಲಿ ಮಾವನೂ ಹೌದು, ಚಿಕ್ಕಪ್ಪನೂ ಹೌದು. ಅದಕ್ಕೇ ನೀವು ಅಂಕಲ್ ಅಂತ ಹಾಕಿ ಮುಂದೆ ಹೋದಿರಿ. ಆದರೆ ಹೆಸರನ್ನು ಸ್ವಲ್ಪ ನಿಂತು ನೋಡಿ. ಸ್ಪೇನಿನವರಿಗೆ ಎರಡು ಅಡ್ಡಹೆಸರು: ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಹುಡುಗನ ಎರಡನೇ ಅಡ್ಡಹೆಸರು ಆಂಖೆಲ್, ಹೊಸೆಯವರ ಮೊದಲ ಅಡ್ಡಹೆಸರೂ ಆಂಖೆಲ್. ಅಂದರೆ ಅಮ್ಮನ ತವರಿನವರು. ನಮ್ಮ ಭಾಷೆಯಲ್ಲಿ ಮಾವ! ಪ್ರಪಂಚದಾದ್ಯಂತ ಬಾಟಲಿಗಳ ಮೇಲಿರುವ 'ತಿಯೋ ಪೆಪೆ' ಅನ್ನುವ ಹೆಸರನ್ನು ಕನ್ನಡಕ್ಕೆ ತಂದರೆ 'ಪೆಪೆ ಮಾವ'. ಅಂಗಡಿ ಇಟ್ಟ ಸೋದರಳಿಯನ ಬೆನ್ನಿಗೆ ನಿಂತ ಮಾವ ನಮ್ಮಲ್ಲಿ ಯಾವ ಊರಿನಲ್ಲಿ ಇಲ್ಲ? ಈ ಒಂದು ಪದ ಸಿಕ್ಕಿದ್ದರೆ ಓದುಗರು ಅಲ್ಲೇ ಕೂತುಬಿಡುತ್ತಿದ್ದರು. ಆ ಮಾವನ ವೈನಿಗಾಗಿ ಉಗ್ರಾಣದಲ್ಲಿ ಬೇರೆ ಕೋಣೆಯೇ ಇತ್ತು. ಅದಕ್ಕೆ ಕೊಟ್ಟ ಹೆಸರೇ ಮುಂದೆ ಬ್ರಾಂಡ್ ಆಯಿತು.

'ಅಪ್ಪಟ ಸ್ಪ್ಯಾನಿಷ್ ಪರಂಪರೆ' ಅನ್ನುವ ಮಾತು ಬೇಡ. ಕಂಪನಿಯ ಹೆಸರಿನಲ್ಲಿರುವ ಬಯಾಸ್ ಯಾರು? ರಾಬರ್ಟ್ ಬ್ಲೇಕ್ ಬಯಾಸ್, ಇವರ ಸರಕನ್ನು ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಏಜೆಂಟ್. 1855ರಲ್ಲಿ ಪಾಲುದಾರನಾದ. ಊರಿನ ಹೆಸರು ಹೆರೆಸ್. ಅರಬ್ಬರ ಕಾಲದಲ್ಲಿ ಅದು ಶೆರಿಶ್. ಇಂಗ್ಲಿಷರ ಬಾಯಲ್ಲಿ ಅದು ಶೆರ್ರಿ ಆಯಿತು. ಬಾಟಲಿಯ ಮೇಲೆ ಇವತ್ತಿಗೂ ಹೆರೆಸ್, ಕ್ಸೆರೆಸ್, ಶೆರ್ರಿ ಅಂತ ಮೂರು ಭಾಷೆಯಲ್ಲಿ ಬರೆದಿರುತ್ತದೆ. ನೀವು ಫೋಟೋದಲ್ಲಿ ಹಿಡಿದುಕೊಂಡಿರುವ ಬಾಟಲಿಯಲ್ಲೂ ಇದೆ, ಜೂಮ್ ಮಾಡಿ ನೋಡಿ. ಅಂದಹಾಗೆ ನಾವು ಹೇಳುವ 'ಪೀಪಾಯಿ' ಕೂಡ ಪೋರ್ಚುಗೀಸರ 'ಪೀಪಾ'ದಿಂದ ಬಂದದ್ದು. ನೀವು ಉದ್ದಕ್ಕೂ 'ಬ್ಯಾರಲ್' ಅಂತ ಬರೆದಿದ್ದೀರಿ. ಆ ಕಡಲಿನ ಕಡೆಯಿಂದಲೇ ಬಂದ ಪದ ನಮ್ಮ ಮನೆಯಲ್ಲಿರುವಾಗ ಅದೇಕೆ?

ಈಗ ತಪ್ಪುಗಳು. ಲಾ ಕೊಂಚಾ ಅನ್ನುವ ದುಂಡನೆಯ ಕಬ್ಬಿಣದ ಕಟ್ಟಡ ಐಫೆಲ್ ಕಟ್ಟಿದ್ದು ಅಂತ ಬರೆದಿದ್ದೀರಿ. ಪ್ರವಾಸಿಗರ ಬಾಯಲ್ಲಿ ತಿರುಗುವ ಕಥೆ ಅದು. ಕಬ್ಬಿಣ ಎರಕ ಹೊಯ್ದದ್ದು ಹತ್ತಿರದ ಸೆವಿಯಾ ನಗರದಲ್ಲಿ. ಇದು ಚಿಕ್ಕ ತಪ್ಪು, ಒಂದು ಗೆರೆ ಎಳೆದರೆ ಆಯಿತು.

ದೊಡ್ಡ ತಪ್ಪು ಇನ್ನೊಂದು. 'ತಂಪಾದ ನೆಲಮಾಳಿಗೆಗೆ ಇಳಿದೆವು, ಓಕ್ ಮರದ ಘಮ ವೈನಿನಲ್ಲಿ ಬೆರೆತಿತ್ತು' ಅಂತ ಬರೆದಿದ್ದೀರಿ. ನೀವು ಅಲ್ಲಿಗೆ ಹೋಗಿ ಬಂದವರು, ನಾನು ಹೋಗದವನು. ಆದರೂ ಕೇಳುತ್ತೇನೆ, ನಿಜವಾಗಿ ಮೆಟ್ಟಿಲು ಇಳಿದಿರಾ? ಹೆರೆಸ್‌ನ ಬೊದೆಗಾಗಳು, ಅಂದರೆ ವೈನ್ ಉಗ್ರಾಣಗಳು, ನೆಲದ ಮೇಲೆ ಇರುವಂಥವು. ದಪ್ಪ ಗೋಡೆ, ದೇವಸ್ಥಾನದಷ್ಟು ಎತ್ತರದ ಚಾವಣಿ, ಮೇಲೆ ಚಿಕ್ಕ ಕಿಟಕಿ, ಕಿಟಕಿಗೆ ಹುಲ್ಲಿನ ಚಾಪೆ. ಪಶ್ಚಿಮದಿಂದ, ಅಟ್ಲಾಂಟಿಕ್ ಕಡೆಯಿಂದ ಬರುವ ತಂಪು ಗಾಳಿ ಒಳಗೆ ಆಡಬೇಕು, ಅದಕ್ಕೆ ಆ ಎತ್ತರ. ನೆಲಕ್ಕೆ ಹಳದಿ ಮರಳು ಹಾಸಿ ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಾರೆ, ನಮ್ಮಲ್ಲಿ ಅಂಗಳಕ್ಕೆ ಸಂಜೆ ನೀರು ಹಾಕುವ ಹಾಗೆ. ನೆಲಮಾಳಿಗೆ ಬಂದದ್ದು ನೀವು ಮೊದಲು ಓದಿದ ಯಾವುದೋ ಫ್ರಾನ್ಸ್ ಪ್ರವಾಸ ಕಥನದಿಂದ. ಓಕ್ ಘಮವೂ ಅಲ್ಲಿಂದಲೇ. ಶೆರ್ರಿಯವರು ಪೀಪಾಯಿಯಿಂದ ಬಯಸುವುದು ವೈನಿಗೆ ಮರದ ವಾಸನೆ ಹತ್ತಿಸದ ಹಳೇ ಮರವನ್ನು. ಅಮೆರಿಕದ ಓಕ್, ದಶಕಗಟ್ಟಲೆ ಹಳೆಯದು. ಮರದ ವಾಸನೆ ಎಲ್ಲ ಹೋಗಿ ಸುಮ್ಮನಾಗಿರುವಂಥದ್ದು. ಸ್ಕಾಟ್ಲೆಂಡಿನ ವಿಸ್ಕಿ ಮಾಡುವವರಿಗೆ ಬೇಕಾಗುವುದು ಬೇರೆ: ಹೊಸ ಪೀಪಾಯಿಗೆ ಒಂದೆರಡು ವರ್ಷ ಶೆರ್ರಿ ತುಂಬಿಸಿ, ಆಮೇಲೆ ಪೀಪಾಯಿಯನ್ನು ಕೊಂಡುಕೊಳ್ಳುತ್ತಾರೆ.

ಮೂರನೇ ತಪ್ಪಿಗೆ ನನಗೆ ಬೇಜಾರಾಯಿತು. 'ವೈನಿನ ಮೇಲೆ ಬೂಷ್ಟು ಹಿಡಿದಿತ್ತು, ಅದನ್ನು ತೆಗೆದು ಬಾಟಲಿಗೆ ತುಂಬುತ್ತಾರೆ' ಅಂದಿದ್ದೀರಿ. ಆ ಬಿಳಿ ಪೊರೆಯೇ ಅಲ್ವಾ ಇಡೀ ಕಥೆ! ಅದು ಯೀಸ್ಟ್. ಅದನ್ನು ಅವರು ಫ್ಲೋರ್, ಅಂದರೆ ಹೂವು ಅಂತ ಕರೆಯುತ್ತಾರೆ. 600 ಲೀಟರ್ ಹಿಡಿಯುವ ಪೀಪಾಯಿಗೆ 500 ಲೀಟರ್ ಅಷ್ಟೇ ತುಂಬುತ್ತಾರೆ. ಮೇಲೆ ಎರಡು ಮುಷ್ಟಿಯಷ್ಟು ಜಾಗ ಖಾಲಿ. ಆ ಖಾಲಿಯಲ್ಲಿ ಹೂವು ಅರಳುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ವೈನನ್ನು ಮುಚ್ಚಿಕೊಂಡು ಗಾಳಿ ತಾಗದ ಹಾಗೆ ಕಾಯುತ್ತದೆ. ಕೆಳಗಿನ ವೈನನ್ನೇ ತಿಂದು ಬದುಕುತ್ತದೆ. ಹೀಗೆ ಹೂವಿನ ಕೆಳಗೆ ಬೆಳೆದ ಶೆರ್ರಿಯೇ ಫಿನೋ. ಅದಕ್ಕೇ ಅದು ಅಷ್ಟು ತೆಳು ಬಣ್ಣ, ಅಷ್ಟು ಒಣ ರುಚಿ. ಕೆನೆ ಉಳಿಯಬೇಕಾದರೆ ಮದ್ಯಸಾರ ನೂರಕ್ಕೆ 15ರ ಆಸುಪಾಸಿನಲ್ಲಿ ಇರಬೇಕು. 17 ದಾಟಿಸಿದರೆ ಹೂವು ಬದುಕುವುದಿಲ್ಲ, ಗಾಳಿ ತಾಗಿ ವೈನ್ ಕಂದು ತಿರುಗುತ್ತದೆ, ಅದು ಒಲೊರೊಸೊ. ಎರಡೇ ಅಂಕಿಯ ವ್ಯತ್ಯಾಸ, ಎರಡು ಬೇರೆ ಪಾನೀಯ. ನೀವು ಒಂದೊಂದು ಲೋಟ ಎರಡನ್ನೂ ಕುಡಿದಿದ್ದೀರಿ. 'ಎರಡೂ ಅದ್ಭುತವಾಗಿದ್ದವು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ನಾಲ್ಕನೆಯದು ನಿಮ್ಮ ಶಿಖರ ವಾಕ್ಯ. '1835ರ ವೈನನ್ನು ಗುಟುಕರಿಸಿದಾಗ ಕಾಲಯಂತ್ರದಲ್ಲಿ ಕುಳಿತಂತಾಯಿತು.' ನೀವು 1835ರ ವೈನ್ ಕುಡಿದಿಲ್ಲ. ಅಲ್ಲಿ ಲೆಕ್ಕ ಬೇರೆ. ಪೀಪಾಯಿಗಳು ಸಾಲು ಸಾಲಾಗಿ ಒಂದರ ಮೇಲೊಂದು ಇರುತ್ತವೆ. ನೆಲದ ಸಾಲು ಸೊಲೆರಾ, ಅತ್ಯಂತ ಹಳೆಯದು. ಅದರ ಮೇಲಿನವು ಕ್ರಿಯಾದೆರಾ, ಅಂದರೆ ಸಾಕಿ ಬೆಳೆಸುವ ಜಾಗ. ನಮ್ಮ ಸಸಿಮಡಿ ಅನ್ನಿ. ಬಾಟಲಿಗೆ ಬೇಕಾದದ್ದನ್ನು ನೆಲದ ಸಾಲಿನಿಂದ ಸ್ವಲ್ಪ ತೆಗೆಯುತ್ತಾರೆ. ಖಾಲಿಯಾದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ. ಆ ಸಾಲಿಗೆ ಅದರ ಮೇಲಿನದರಿಂದ. ಎಲ್ಲಕ್ಕಿಂತ ಮೇಲಕ್ಕೆ ಹೊಸ ವೈನ್. ಯಾವ ಪೀಪಾಯಿಯೂ ಯಾವತ್ತೂ ಪೂರ್ತಿ ಖಾಲಿ ಆಗುವುದಿಲ್ಲ.

ಇದನ್ನು ವಿವರಿಸಲು ನೀವು 'ಮಲ್ಟಿ ಲೆವೆಲ್ ಬ್ಲೆಂಡಿಂಗ್ ವ್ಯವಸ್ಥೆ' ಅಂತ ಬರೆದಿದ್ದೀರಿ. ನಮ್ಮ ಅಡುಗೆಮನೆಯಲ್ಲಿ ಹೆಪ್ಪು ಇದೆಯಲ್ಲ? ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ. ನಮ್ಮಜ್ಜಿ ಅತ್ತೆ ಮನೆಗೆ ಬರುವಾಗ ತಂದ ಹೆಪ್ಪು ಅಂತ ಹೇಳುತ್ತಿದ್ದರು. ಹಾಗಂತ ಆ ಮೊಸರಿಗೆ ಎಪ್ಪತ್ತು ವರ್ಷ ಅಂತ ಯಾರೂ ಹೇಳಲ್ಲ. ಒಂದು ಪೀಪಾಯಿಯಿಂದ ವರ್ಷಕ್ಕೆ ಮೂರನೇ ಒಂದು ಪಾಲು ತೆಗೆದು ತುಂಬುತ್ತಾ ಹೋದರೆ, ಹತ್ತು ವರ್ಷ ಕಳೆಯುವಷ್ಟರಲ್ಲಿ ಮೊದಲಿದ್ದ 500 ಲೀಟರಿನಲ್ಲಿ ಒಂಬತ್ತು ಲೀಟರೂ ಉಳಿದಿರುವುದಿಲ್ಲ. ಆದರೆ ಸೊನ್ನೆಯೂ ಆಗುವುದಿಲ್ಲ. ನನಗೆ ರೋಮಾಂಚನ ಆದದ್ದು ಇದಕ್ಕೆ, ಕಾಲಯಂತ್ರಕ್ಕಲ್ಲ. ಬಾಟಲಿಯ ಮೇಲಿನ 1835 ಅಂಗಡಿ ತೆರೆದ ವರ್ಷ. ವಯಸ್ಸು ಹೇಳಬೇಕಾದರೆ ಅಲ್ಲಿನ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡಿ 20 ವರ್ಷ, 30 ವರ್ಷ ಅಂತ ಮುದ್ರೆ ಕೊಡುತ್ತದೆ. 30ರ ಮುದ್ರೆ ಬೇಕಾದರೆ ತೆಗೆಯುವ ಪ್ರತಿ ಲೀಟರಿಗೆ 30 ಲೀಟರ್ ಸೊಲೆರಾದಲ್ಲಿ ಉಳಿದಿರಬೇಕು.

ಈಗ ಹೊಗಳಿಕೆ, ಸ್ವಲ್ಪವೇ. ಮೂರನೇ ಪುಟದ ಮಧ್ಯದಲ್ಲಿ 'ಒಬ್ಬರು ತೂತುಗಳಿದ್ದ ಕೊಳವೆಯಿಂದ ವೈನ್ ಹುಯ್ಯುತ್ತಿದ್ದರು' ಅಂತ ಅರ್ಧ ಸಾಲು ಇದೆ. ಯಾಕೆ ಬರೆದಿರಿ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ, ಆದರೆ ಕಣ್ಣು ಸರಿಯಾದ ಜಾಗದಲ್ಲಿ ನಿಂತಿದೆ. ಮೇಲಿಂದ ದಬದಬ ಸುರಿದರೆ ಕೆನೆ ಒಡೆದುಹೋಗುತ್ತದೆ. ಅದಕ್ಕೆ ಆ ಕೊಳವೆಯನ್ನು ಹೂವಿನ ಕೆಳಗೆ ಇಳಿಸಿ, ತೂತುಗಳಿಂದ ಮೆಲ್ಲಗೆ ಹರಿಯಲು ಬಿಡುತ್ತಾರೆ. ಹೀಗೆ ತುಂಬುವುದಕ್ಕೆ ಅವರ ಹೆಸರು ರೊಸೀಯೊ, ಅಂದರೆ ಇಬ್ಬನಿ. ಆ ಮನುಷ್ಯ ಎಷ್ಟು ಹೊತ್ತು ನಿಂತಿದ್ದರು? ಮಾತಾಡುತ್ತಿದ್ದರಾ? ಕೈ ನಡುಗುತ್ತಿತ್ತಾ? ಅರ್ಧ ಸಾಲನ್ನು ಅರ್ಧ ಪುಟ ಮಾಡಿ. ಪೀಪಾಯಿಗಳ ಮೇಲೆ ಸಹಿ ಹಾಕಿದ ರಾಜರು, ಸಿನಿಮಾ ನಟರು, ಓಟಗಾರರ ಪಟ್ಟಿ ಹದಿನಾಲ್ಕು ಸಾಲಿದೆ. ಅಲ್ಲಿಂದ ಜಾಗ ಸಿಗುತ್ತದೆ. ಆ ಪೀಪಾಯಿಗಳ ಮೇಲೆ ಸೀಮೆಸುಣ್ಣದ ಗುರುತುಗಳೂ ಇರುತ್ತವೆ, ಕಂಡವಾ? ಉಗ್ರಾಣದ ಮೇಸ್ತ್ರಿ ಮೂಸಿ ನೋಡಿ ಒಂದು ಓರೆ ಗೆರೆ ಎಳೆದರೆ ಒಂದು ದಾರಿ. ವೈನ್ ಮನಸ್ಸು ಬದಲಾಯಿಸಿದರೆ ಅದೇ ಗೆರೆಗೆ ಅಡ್ಡ ಇನ್ನೊಂದು ಗೆರೆ. ಅದರ ಹೆಸರೇ ಪಾಲೊ ಕೊರ್ತಾದೊ, ಕಡಿದ ಕೋಲು. ಒಂದು ಜಾತಿಯ ಶೆರ್ರಿಗೆ ಸೀಮೆಸುಣ್ಣದಿಂದ ಹೆಸರು ಬಂದಿದೆ.

ಇನ್ನು ಹೊಲ. 'ಬಿಳಿ ಮಣ್ಣು ಕಣ್ಣಿಗೆ ಹಬ್ಬ' ಅಂತ ಹೇಳಿ ಬಸ್ಸು ಹತ್ತಿಬಿಟ್ಟಿದ್ದೀರಿ. ನಾನು ಬಯಲುಸೀಮೆಯವನು. ಅಲ್ಲಿ ಬೇಸಿಗೆಯಲ್ಲಿ ಮಳೆ ಇಲ್ಲ ಅನ್ನೋದು ಓದಿದ ಕೂಡಲೇ ನನ್ನ ಮೊದಲ ಪ್ರಶ್ನೆ, ಬಳ್ಳಿಗೆ ನೀರು ಎಲ್ಲಿಂದ? ಅಲ್ಬರಿಸಾ ಅನ್ನುವ ಆ ಸುಣ್ಣದ ಮಣ್ಣು ಚಳಿಗಾಲದ ಮಳೆಯನ್ನು ಸ್ಪಂಜಿನ ಹಾಗೆ ಹೀರಿ, ಬೇಸಿಗೆಯಲ್ಲಿ ಮೇಲೆ ಗಟ್ಟಿ ಪದರ ಕಟ್ಟಿ ಕಾಪಾಡುತ್ತದೆ. ಕೊಯ್ಲು ಮುಗಿದ ಮೇಲೆ ಸಾಲುಗಳ ನಡುವೆ ಚೌಕದ ಗುಂಡಿ ತೋಡಿ ಇಳಿಜಾರಿನ ನೀರನ್ನು ತಡೆಯುತ್ತಾರೆ. ನಮ್ಮ ರೈತರು ಬದು ಹಾಕುವುದೂ ಇದೇ ಆಸೆಗೆ ತಾನೆ? ಎರಡು ಸಾಲು ಸಾಕು, ಆದರೆ ಇರಲಿ.

'ಪರಂಪರೆ' ಅನ್ನುವ ಪದ ಹದಿನೇಳು ಸಲ ಬಂದಿದೆ, ಎಣಿಸಿದೆ. ಎಲ್ಲ ಹೊಡೆದು ಹಾಕಿದ್ದೇನೆ. 'ಅವಿಸ್ಮರಣೀಯ', 'ವರ್ಣನಾತೀತ' ಕೂಡ ಹೋದವು. ವರ್ಣಿಸಲು ಆಗದ್ದಾದರೆ ಲೇಖನ ಯಾಕೆ ಕಳಿಸಿದಿರಿ, ಅಲ್ವಾ? ಫಿನೋ ಕುಡಿದಾಗ ನಾಲಿಗೆಗೆ ಏನಾಯಿತು? ಹಸಿ ಬಾದಾಮಿಯಾ, ಹುಳಿ ಬಂದ ಹಿಟ್ಟಾ, ಉಪ್ಪುಪ್ಪಾ? ಮುಖ ಸಿಂಡರಿಸಿದ್ದರೆ ಅದನ್ನೇ ಬರೆಯಿರಿ.

ಈಗ ಇಲಿ. ಉಗ್ರಾಣದ ನೆಲದ ಮೇಲೆ ಒಂದು ಲೋಟ ಸಿಹಿ ಶೆರ್ರಿ, ಲೋಟದ ಅಂಚಿಗೆ ಒರಗಿಸಿದ ಪುಟಾಣಿ ಏಣಿ. ಇಲಿಗಳು ಹತ್ತಿ ಕುಡಿಯಲಿ ಅಂತ ಹಿಂದೆ ಯಾರೋ ಕೆಲಸಗಾರ ಇಟ್ಟದ್ದು, ಇವತ್ತಿಗೂ ಇಡುತ್ತಾರೆ. ಇದನ್ನು ನೀವು ಕೊನೆಯ ಪುಟದಲ್ಲಿ, ಗಿಫ್ಟ್ ಅಂಗಡಿಯ ಬೆಲೆಗಳ ನಂತರ 'ಒಂದು ತಮಾಷೆಯ ಸಂಗತಿ' ಅಂತ ಹಾಕಿದ್ದೀರಿ. ಅಲ್ಲಿಂದ ಶುರು ಮಾಡಿ. ಆಮೇಲೆ ಕೊಳವೆ ಹಿಡಿದ ಮನುಷ್ಯ, ಆಮೇಲೆ ಕೆನೆ, ಸಾಲುಗಳು, ಪೆಪೆ ಮಾವ. ಡ್ರೇಕ್ ಬರದಿದ್ದರೂ ನಡೆಯುತ್ತದೆ.

ಸಾವಿರದ ಇನ್ನೂರು ಪದ ಮೀರಬೇಡಿ. ಊರಿನ ಹೆಸರನ್ನು ಜೆರೆಜ್, ಜೆರೇಝ್, ಹೆರೆತ್, ಶೆರೆಸ್ ಅಂತ ನಾಲ್ಕು ಥರ ಬರೆದಿದ್ದೀರಿ, ಒಂದನ್ನು ಆರಿಸಿ. ನಾನು ಹೆರೆಸ್ ಅಂತ ಮಾಡಿದ್ದೇನೆ. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ಜಾಗ ಇಟ್ಟಿರುತ್ತೇನೆ.

ಇನ್ನೊಂದು. ನೀವು ಕಳಿಸಿದ ಫೋಟೋದಲ್ಲಿ ಏಣಿಯ ಮೇಲಿನ ತುದಿ ಕಟ್ ಆಗಿದೆ. ಬೇರೆ ಫೋಟೋ ಇದೆಯಾ? ಇಲ್ಲದಿದ್ದರೆ ಏಣಿಗೆ ಎಷ್ಟು ಮೆಟ್ಟಿಲು ಇತ್ತು, ನೆನಪಿದ್ದರೆ ತಿಳಿಸಿ, ಚಿತ್ರ ಬರೆಸೋಣ.