ಸೈಕಲಿನಲ್ಲಿ ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿ ಹತ್ತಬೇಕು. ಮುಂದಿನ ದೊಡ್ಡ-ಚಿಕ್ಕ ಚಕ್ರಗಳು 52-36 ಹಲ್ಲಿನವು, ಅವನ್ನು ತೆಗೆದು 50-34 ಹಾಕಿಸಲಾ? ಹಿಂದೆ 11-28 ಇದೆ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಐದು ವರ್ಷದ ಹಿಂದೆ ಮೈಸೂರಿನಿಂದ ಊಟಿಗೆ ಹೊರಡುವ ಮುಂಚೆ ನಾನೂ ಇದೇ ಲೆಕ್ಕ ಹಾಕುತ್ತಾ ನಿದ್ದೆ ಕೆಡಿಸಿಕೊಂಡಿದ್ದೆ.

ನನ್ನದು ಮುಂದೆ 50-34, ಹಿಂದೆ ನಿಮ್ಮ ಹಾಗೇ 11-28. ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ, ಅದೇ ಧೈರ್ಯ. ಮಸಿನಗುಡಿ ದಾರಿಯಲ್ಲಿ ಹೋಗಿ ಬಂದಿದ್ದ ಗೆಳೆಯ, "ಚಾಮುಂಡಿ ಬೆಟ್ಟದ ತುದಿ ಸಾವಿರ ಮೀಟರ್ ಚಿಲ್ಲರೆ. ಊಟಿ 2,240 ಗುರು. ನಡುವೆ 36 ಹೇರ್‌ಪಿನ್ ತಿರುವು" ಎಂದ. ಹೆದರಿ, ಹೊರಡುವ ಹಿಂದಿನ ರಾತ್ರಿ 11-32 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಹಾಕಿಸಿದೆ. ಮೆಕ್ಯಾನಿಕ್ "ಚೈನೂ ಬದಲಾಯಿಸೋಣ್ವಾ ಸರ್?" ಎಂದ. "ಹಾಕಿಸಿ ಎರಡೇ ತಿಂಗಳು, ಇರಲಿ ಬಿಡಿ" ಎಂದೆ.

ಕೆಟ್ಟಿದ್ದು ಅಲ್ಲೇ. 28 ಹಲ್ಲು ಇದ್ದ ಕಡೆ 32 ಬಂದರೆ ಚೈನ್ ಒಂದು ಇಂಚು ಜಾಸ್ತಿ ಬೇಕು. ಒಂದೇ ಇಂಚು, ಎರಡು ಕೊಂಡಿ. ಮುಂದೆ ಚಿಕ್ಕದರಲ್ಲಿ ಇದ್ದಾಗ ಈ ಕೊರತೆ ಗೊತ್ತೇ ಆಗಲ್ಲ. ಅಂಗಡಿ ಮುಂದೆ ಓಡಿಸಿ ನೋಡಿದಾಗ 34-32 ಬೆಣ್ಣೆ ಥರ ಓಡಿತು. ಮುಂದೆಯೂ ದೊಡ್ಡದು, ಹಿಂದೆಯೂ ದೊಡ್ಡದು, ಅಂದರೆ 50-32 ಹಾಕಿ ನೋಡಲೇ ಇಲ್ಲ. ಹಾಗೆ ಯಾರು ಹಾಕ್ತಾರೆ ಅಂದುಕೊಂಡೆ. ಸುಸ್ತಾದವನು ಹಾಕ್ತಾನೆ.

19ನೇ ತಿರುವು ದಾಟಿದ ಮೇಲೆ ಏರು ಸ್ವಲ್ಪ ತಗ್ಗಿತು. ಕೈ ತಾನಾಗಿ ಮುಂದಿನ ಗೇರನ್ನು ದೊಡ್ಡದಕ್ಕೆ ತಳ್ಳಿತು. ಹಿಂದೆ ಇನ್ನೂ 32ರಲ್ಲೇ ಇತ್ತು. ಪೆಡಲ್ ಅರ್ಧ ಸುತ್ತು ಹೋಗಿ ಗಕ್ಕನೆ ನಿಂತಿತು, ಲಟಕ್ ಅಂತ ಶಬ್ದ. ಹಿಂದೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರನ್ನು ಫ್ರೇಮಿಗೆ ತಗುಲಿಸುವ ಹೆಬ್ಬೆರಳುದ್ದದ ಅಲ್ಯೂಮಿನಿಯಂ ಹ್ಯಾಂಗರ್ ಮುರಿದಿತ್ತು. ಡಿರೇಲರ್ ಸ್ಪೋಕುಗಳ ನಡುವೆ ನೇತಾಡುತ್ತಿತ್ತು. ತಳ್ಳಲೂ ಆಗದೆ ಸೈಕಲ್ ಹೆಗಲ ಮೇಲೆ ಹೊತ್ತು ಮೂರು ತಿರುವು ನಡೆದೆ. ಆಮೇಲೆ ಒಂದು ಪಿಕಪ್ಪಿನವರು ಹತ್ತಿಸಿಕೊಂಡರು. ಖಾಲಿ ಕ್ಯಾರೆಟ್ ಕ್ರೇಟುಗಳ ಮಧ್ಯೆ ಕೂತು ಊಟಿ ಸೇರಿದೆ.

ಈಗ ನಿಮ್ಮದು. ಮುಂದಿನದನ್ನು ಮುಟ್ಟಲೇ ಬೇಡಿ. ನಿಮಿಷಕ್ಕೆ 60 ಸುತ್ತು ತುಳಿದರೆ 36-28ರಲ್ಲಿ ಗಂಟೆಗೆ ಸುಮಾರು 9.7 ಕಿ.ಮೀ. ವೇಗ. 34-28ರಲ್ಲಿ 9.2. ಅಷ್ಟೇ ಸುತ್ತಿಗೆ ವೇಗ ಕಮ್ಮಿಯಾದಷ್ಟೂ ತುಳಿಯೋದು ಹಗುರ. ಅರ್ಧ ಕಿಲೋಮೀಟರಿಗೋಸ್ಕರ ಮುಂದಿನ ಎರಡೂ ಚಕ್ರ ಬದಲಾಯಿಸ್ತೀರಾ? ಹಿಂದೆ 11-34 ಹಾಕಿಸಿ, ಅಷ್ಟೇ ತುಳಿತಕ್ಕೆ 8 ಕಿ.ಮೀ. ಸಾಕಾಗುತ್ತೆ. ಕಡಿದಾದ ತಿರುವಿನಲ್ಲಿ ಅದಕ್ಕಿಂತ ಜೋರಾಗಿ ನಾನಂತೂ ಹೋಗಿಲ್ಲ. ದೊಡ್ಡ ಕ್ಯಾಸೆಟ್ ಹಾಕಿದರೆ ಕಾಲಿಗೆ ಬಲ ಬರಲ್ಲ ಅನ್ನೋದೆಲ್ಲ ಸುಮ್ನೆ ಮಾತು. ಬಲ ಊರಲ್ಲಿ ಬರಿಸಿಕೊಳ್ಳಿ, ಘಾಟಿಯಲ್ಲಿ ಮೊಣಕಾಲು ಉಳಿಸಿಕೊಳ್ಳಿ.

ಡಿರೇಲರ್ 34 ತಡೆಯುತ್ತಾ ಮೊದಲು ಕೇಳಿ, ಚಿಕ್ಕ ಕೇಜಿನದು (ಚೈನ್ ಬಿಗಿ ಹಿಡಿಯುವ ತೋಳು ಗಿಡ್ಡ ಇರುವುದು) ಎಷ್ಟೋ ಸಲ ತಡೆಯಲ್ಲ. ಚೈನನ್ನು ಡಿರೇಲರ್ ಒಳಗೆ ಹಾಯಿಸದೆ, ಮುಂದಿನ ದೊಡ್ಡದು ಹಿಂದಿನ ದೊಡ್ಡದು ಎರಡರ ಮೇಲೂ ಸುತ್ತಿಸಿ. ತುದಿಗಳು ಕೂಡುವ ಜಾಗಕ್ಕಿಂತ ಎರಡು ಕೊಂಡಿ ಜಾಸ್ತಿ ಬಿಡಿಸಿ. ನೀವೇ ನಿಂತು ನೋಡಿ. ಹ್ಯಾಂಗರ್ ಒಂದು ಸ್ಪೇರ್ ಇಟ್ಕೊಳ್ಳಿ, ಅದು ಫ್ರೇಮಿನಿಂದ ಫ್ರೇಮಿಗೆ ಬೇರೆ. ನಾನು ಊಟಿಯಲ್ಲಿ ಇಡೀ ಮಧ್ಯಾಹ್ನ ಹುಡುಕಿದೆ, ಸಿಗಲಿಲ್ಲ. ಮೈಸೂರಿಗೆ ಬಸ್ಸಿನಲ್ಲಿ ಬಂದೆ, ಸೈಕಲಿಗೂ ಟಿಕೆಟ್ ತೆಗೆಸಿ.