ಏಜೆಂಟ್ ಕಮಿಷನ್‌ನಲ್ಲಿ ಸಂಘಕ್ಕೆ ಪಾಲು: ಚೆಕ್ ಯಾರ ಹೆಸರಿಗೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಬಳಿಯ ಕನ್ನಡ ಸಂಘವೊಂದರ ಖಜಾಂಚಿಯವರ ಪತ್ರ: "ಸದಸ್ಯರನ್ನು ತಮ್ಮ ಬಳಿಗೆ ಕಳಿಸಿಕೊಟ್ಟರೆ, ಪ್ರತಿ ಮನೆ ಖರೀದಿಗೂ ಕಮಿಷನ್‌ನ ಶೇ 10ರಷ್ಟನ್ನು ನಮ್ಮ ಕನ್ನಡ ಶಾಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ ಒಬ್ಬ ರಿಯಲ್ ಎಸ್ಟೇಟ್ ಏಜೆಂಟ್. ಮನೆ ಕೊಂಡವರಿಗೆ ತೆರಿಗೆ ವಿನಾಯಿತಿಯೂ ಸಿಗುತ್ತದಂತೆ. ಒಪ್ಪಿಕೊಳ್ಳಬಹುದೇ?"

ಸಂಪಾದಕರ ಉತ್ತರ:

ಈ ರೂಪದಲ್ಲಿ ಬೇಡ. ತೊಡಕಿರುವುದು 'ಕಳಿಸಿಕೊಟ್ಟರೆ' ಎಂಬ ಷರತ್ತಿನಲ್ಲಿ. ಪ್ರತಿಫಲದ ನಿರೀಕ್ಷೆಯಿಂದ ಗಿರಾಕಿಯನ್ನು ಏಜೆಂಟರ ಬಳಿ ಕಳಿಸುವುದಕ್ಕೆ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಕು. ಅಲ್ಲಿ ಸಡಿಲಿಕೆ ಇರುವುದು 50 ಡಾಲರ್‌ವರೆಗಿನ ಉಡುಗೊರೆ ವಸ್ತುವಿಗೆ ಮಾತ್ರ, ನಗದಿಗೆ ಅಲ್ಲ. ಇದರ ಜೊತೆಗೆ ಮನೆ ಖರೀದಿ ವ್ಯವಹಾರಗಳ ಫೆಡರಲ್ ಕಾಯ್ದೆ ರೆಸ್ಪಾದ 8ನೇ ಸೆಕ್ಷನ್ ಇದೆ. ಬ್ಯಾಂಕ್ ಸಾಲದ ಮಾಮೂಲಿ ಮನೆ ಖರೀದಿಯಲ್ಲಿ ಗಿರಾಕಿ ಕಳಿಸಿದ್ದಕ್ಕೆ ಹಣ ಕೊಡುವವರೂ ಪಡೆಯುವವರೂ ಇಬ್ಬರೂ ಅದರ ಪ್ರಕಾರ ತಪ್ಪಿತಸ್ಥರು. 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಲೈಸೆನ್ಸ್ ಇರುವ ಬ್ರೋಕರ್‌ಗಳು ತಮ್ಮತಮ್ಮಲ್ಲಿ ರೆಫರಲ್ ಶುಲ್ಕ ಹಂಚಿಕೊಳ್ಳಬಹುದು, ಸಂಘ ಆ ಸಾಲಿಗೆ ಸೇರುವುದಿಲ್ಲ. ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂದ ಮಾತ್ರಕ್ಕೆ ಕಾನೂನು ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ತೆರಿಗೆ ವಿನಾಯಿತಿಯ ಮಾತಂತೂ ಬರೀ ಮಾರಾಟದ ಮಾತು. ಏಜೆಂಟ್ ತಮ್ಮ ಕಮಿಷನ್‌ನಿಂದ ಶಾಲೆಗೆ ಚೆಕ್ ಬರೆದರೆ ದಾನಿ ಅವರೇ. ರಸೀದಿಯಲ್ಲಿ 'ಇಂಥವರ ಗೌರವಾರ್ಥ' ಎಂದು ಮನೆ ಕೊಂಡವರ ಹೆಸರು ಬರೆದರೂ ಅವರಿಗೆ ಒಂದು ಡಾಲರ್‌ನ ವಿನಾಯಿತಿಯೂ ಇಲ್ಲ. ಹಾಗೆ ರಸೀದಿ ಬರೆದುಕೊಟ್ಟರೆ ನಾಳೆ ಉತ್ತರಿಸಬೇಕಾದವರು ಖಜಾಂಚಿ, ಅಂದರೆ ನೀವು.

ಸರಿಯಾದ ದಾರಿ ಮನೆ ಕೊಳ್ಳುವವರ ಕೈ ಮೂಲಕ ಹೋಗುತ್ತದೆ. ಏಜೆಂಟ್ ತಾನು ಪ್ರತಿನಿಧಿಸುವ ಕಕ್ಷಿದಾರರ ಒಪ್ಪಿಗೆ ಪಡೆದು ವ್ಯವಹಾರದ ಕಕ್ಷಿಗೆ, ಇಲ್ಲಿ ಮನೆ ಕೊಳ್ಳುವವರಿಗೆ, ಕಮಿಷನ್‌ನ ಒಂದು ಭಾಗವನ್ನು ರಿಬೇಟ್ ಆಗಿ ಮರಳಿ ಕೊಡುವುದಕ್ಕೆ ಟೆಕ್ಸಾಸ್‌ನಲ್ಲಿ ಅಡ್ಡಿಯಿಲ್ಲ. (ಕಾನ್ಸಾಸ್, ಲೂಸಿಯಾನಾ, ಮಿಸಿಸಿಪ್ಪಿಯಂಥ ಕೆಲವು ರಾಜ್ಯಗಳು ರಿಬೇಟ್‌ಗೇ ತಡೆ ಹಾಕಿವೆ, ಅಲ್ಲಿನ ಸಂಘದವರು ಈ ಉತ್ತರವನ್ನು ಹಾಗೇ ಅನ್ವಯಿಸಿಕೊಳ್ಳಬಾರದು.) ರಿಬೇಟ್ ಪಡೆದವರು ಆಮೇಲೆ ತಮ್ಮ ಇಷ್ಟದಂತೆ, ತಮ್ಮ ಖಾತೆಯಿಂದ ಶಾಲೆಗೆ ಕೊಡಲಿ. ಕೊಡದೆಯೂ ಇರಬಹುದು, ಆ ಸ್ವಾತಂತ್ರ್ಯ ಉಳಿದರಷ್ಟೇ ಅದು ದಾನ.

ಲೆಕ್ಕದಲ್ಲಿ ಎಡವುವುದು 'ಶೇ 10' ಯಾವುದರ ಮೇಲೆ ಎಂಬಲ್ಲಿ. 6 ಲಕ್ಷ ಡಾಲರ್ ಮನೆ, ಶೇ 2.5 ಕಮಿಷನ್ ಎಂದರೆ 15,000 ಡಾಲರ್. ಅದರ ಹತ್ತನೇ ಒಂದು ಪಾಲು 1,500. ಆದರೆ ಕಮಿಷನ್ ಸೇರುವುದು ಬ್ರೋಕರ್ ಸಂಸ್ಥೆಗೆ, ಏಜೆಂಟ್‌ಗೆ ಅಲ್ಲಿಂದ ಪಾಲು. ಒಪ್ಪಂದ 70-30 (ಏಜೆಂಟ್‌ಗೆ 70, ಸಂಸ್ಥೆಗೆ 30) ಇದ್ದರೆ ಏಜೆಂಟ್ ಕೈಗೆ ಬರುವುದು 10,500. ಅದರ ಶೇ 10 ಕೇವಲ 1,050. ಹಾಗಾಗಿ ಮನೆ ಕೊಳ್ಳುವವರು ಶೇಕಡಾವಾರು ಬಿಟ್ಟು ಡಾಲರ್ ಮೊತ್ತವನ್ನೇ ಬರೆಸಿಕೊಳ್ಳಲಿ, ಬ್ರೋಕರ್ ಸಂಸ್ಥೆಯ ಸಹಿಯೂ ಇರಲಿ. ಬರೆಸುವ ಜಾಗವೂ ಸಿದ್ಧವಾಗಿದೆ: 2024ರ ಆಗಸ್ಟ್ 17ರಿಂದ ಎಂಎಲ್ಎಸ್ (ಮಾರಾಟಕ್ಕಿರುವ ಮನೆಗಳ ಏಜೆಂಟರ ಸಾಮೂಹಿಕ ಪಟ್ಟಿ) ಸದಸ್ಯ ಏಜೆಂಟ್‌ಗಳು ಮನೆ ತೋರಿಸುವ ಮೊದಲೇ ಕೊಳ್ಳುವವರೊಂದಿಗೆ ಕಮಿಷನ್ ನಮೂದಿಸಿದ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ರಿಬೇಟ್‌ನ ಸಾಲು ಅದರಲ್ಲೇ ಬರಲಿ.

ಸಾಲ ಕೊಡುವ ಬ್ಯಾಂಕಿಗೂ ಮೊದಲೇ ತಿಳಿಸಿ, ಮೊತ್ತ ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ (ಖರೀದಿ ಪೂರ್ಣಗೊಳ್ಳುವ 'ಕ್ಲೋಸಿಂಗ್'ನ ಅಂತಿಮ ಲೆಕ್ಕಪತ್ರ) ಕಾಣುವಂತೆ ನೋಡಿಕೊಳ್ಳಬೇಕು. ಕ್ಲೋಸಿಂಗ್ ಮುಗಿದ ಮೇಲೆ ಬ್ಯಾಂಕಿಗೆ ಗೊತ್ತಾಗದಂತೆ ಚೆಕ್ ಪಡೆದರೆ ಸಾಲದ ವಂಚನೆಯ ಆರೋಪ ಬರಬಹುದು. ರಿಬೇಟ್ ಸಾಮಾನ್ಯವಾಗಿ ಕೊಂಡವರ ಆದಾಯವಲ್ಲ, ಮನೆಯ ಬೆಲೆಯಲ್ಲಿ ಆದ ಇಳಿಕೆ. ಮುಂದೆ ಮಾರುವಾಗ ಲಾಭದ ಲೆಕ್ಕಕ್ಕೆ ಕೊಂಡ ಬೆಲೆಯಿಂದ ಅಷ್ಟನ್ನು ಕಳೆಯಬೇಕು.

ದಾನ 250 ಡಾಲರ್ ಅಥವಾ ಹೆಚ್ಚಾದರೆ ಲಿಖಿತ ರಸೀದಿ ಕಡ್ಡಾಯ. ಪ್ರತಿಯಾಗಿ ಸಂಘ ಏನಾದರೂ ಕೊಟ್ಟಿತೇ, ಇಲ್ಲವೇ ಎಂಬ ಸಾಲು ಅದರಲ್ಲಿರಬೇಕು. ಆ ಸಾಲನ್ನೇ ಮರೆಯುವ ಸಂಘಗಳು ಹೆಚ್ಚು. 2026ರಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚುಗಳನ್ನು ಪಟ್ಟಿ ಮಾಡದೆ ಸಿಗುವ ನಿಗದಿತ ಕಡಿತ) ತೆಗೆದುಕೊಳ್ಳುವವರಿಗೂ ನಗದು ದಾನದಲ್ಲಿ 1,000 ಡಾಲರ್, ದಂಪತಿ ಜಂಟಿಯಾಗಿ ಸಲ್ಲಿಸಿದರೆ 2,000 ಡಾಲರ್‌ವರೆಗೆ ವಿನಾಯಿತಿ ಇದೆ. ಸಂಘಕ್ಕೆ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ ಎಂಬ ಮಾನ್ಯತೆ ಇರಬೇಕು ಎಂಬುದನ್ನು ನಿಮಗೆ ಹೇಳಬೇಕಿಲ್ಲ.

ಏಜೆಂಟ್‌ಗೆ ನಿಜವಾಗಿ ಶಾಲೆಯ ಮೇಲೆ ಪ್ರೀತಿಯಿದ್ದರೆ, ಯಾರು ಮನೆ ಕೊಂಡರು ಎಂಬುದಕ್ಕೆ ಗಂಟು ಹಾಕದೆ ವರ್ಷಕ್ಕೊಂದು ನಿಗದಿತ ಮೊತ್ತದ ಪ್ರಾಯೋಜಕತ್ವ ಕೊಡಲಿ. ರಾಜ್ಯೋತ್ಸವದ ಬ್ಯಾನರ್‌ನಲ್ಲಿ ಅವರ ಹೆಸರು, ಲೋಗೊ, ಫೋನ್ ನಂಬರ್ ಹಾಕಬಹುದು. 'ಮನೆ ಬೇಕೇ? ಇವರನ್ನೇ ಕೇಳಿ' ಎಂದು ಬರೆದರೆ ಮಾತ್ರ ಅದು ಜಾಹೀರಾತಾಗಿ, ಆ ಹಣ ತೆರಿಗೆಗೆ ಒಳಪಡುವ ವ್ಯಾಪಾರಿ ಆದಾಯ ಎನಿಸಬಹುದು.

ಇದೇ ಹಣವನ್ನು ಊರಿನ ಶಾಲೆಗೆ ನೇರ ಕಳಿಸುವ ಯೋಚನೆ ಸದಸ್ಯರಿಗೆ ಬಂದರೆ ಎರಡು ಮಾತು ತಿಳಿಸಿ. ಭಾರತದ ಟ್ರಸ್ಟ್‌ಗೆ ನೇರವಾಗಿ ಕೊಟ್ಟದ್ದಕ್ಕೆ ಅಮೆರಿಕದಲ್ಲಿ ವಿನಾಯಿತಿ ಇಲ್ಲ. ಕೊಡುವವರು ಅಮೆರಿಕದ ಪೌರರಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಟ್ರಸ್ಟ್‌ಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎಫ್‌ಸಿಆರ್‌ಎ ಅಡಿ ಅನುಮತಿ ಬೇಕು, ಹಣ ಮೊದಲು ಬೀಳಬೇಕಾದದ್ದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕಳಿಸಿದರೆ ಈ ಕಟ್ಟುಪಾಡು ಇಲ್ಲ.